ಕಟ್ಟಿಸಿದ ಹಲ್ಲು, ಬಿಳಿ ಹಲ್ಲು

ರಾತ್ರಿ ಎರಡೂವರೆ ಗಂಟೆಗೆ ನನ್ನ ಹಲ್ಲು ನನ್ನ ಮೊಮ್ಮಗಳನ್ನು ಕಚ್ಚಿತು.

ತಪ್ಪು ತಿಳಿಯಬೇಡಿ. ಆ ಹೊತ್ತಿನಲ್ಲಿ ನಾನು ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಹಲ್ಲು ಮಂಚದ ಪಕ್ಕ ನೆಲದ ಮೇಲೆ, ಸ್ಟೀಲ್ ಲೋಟದ ನೀರಿನಲ್ಲಿ, ತನ್ನ ಪಾಡಿಗೆ ತಾನಿತ್ತು. ಕಟ್ಟಿಸಿದ ಹಲ್ಲು, ಮೇಲಿನ ಸೆಟ್ಟು. ಒಂಬತ್ತು ವರ್ಷದ ಮೊಮ್ಮಗಳಿಗೆ ಬಾಯಾರಿಕೆಯಾಗಿ, ಅಜ್ಜಿಯನ್ನು ಎಬ್ಬಿಸಲೆಂದು ಕತ್ತಲಲ್ಲೇ ನಮ್ಮ ಕೋಣೆಗೆ ಬಂದಳು. ಲಂಡನ್ನಿನ ಮನೆಗಳ ಕೋಣೆಗಳೆಂದರೆ ಬೆಂಕಿಪೊಟ್ಟಣ. ಮಂಚ ಹಾಕಿದ ಮೇಲೆ ಮನುಷ್ಯರು ಏಡಿಯ ಹಾಗೆ ಪಕ್ಕಪಕ್ಕಕ್ಕೆ ನಡೆಯಬೇಕು. ಲೋಟಕ್ಕೆ ಕಾಲು ತಾಗಿತು, ನೀರು ಚೆಲ್ಲಿತು, ಜಾರಿ ಬಂದ ಹಲ್ಲಿನ ಮೇಲೆ ಮಗು ಪಾದವಿಟ್ಟಿತು. ಕಿರುಚಿದ ಸದ್ದಿಗೆ ಮನೆಯ ದೀಪಗಳೆಲ್ಲ ಹತ್ತಿದವು. ಪಕ್ಕದ ಮನೆಯಲ್ಲೂ ಒಂದು ಹತ್ತಿತು. ನೋಡಿದರೆ ಮಗುವಿನ ಅಂಗಾಲಿನಲ್ಲಿ ನಾಲ್ಕು ಹಲ್ಲಿನ ಗುರುತು, ನೆಲದ ಮೇಲೆ ನನ್ನ ಸೆಟ್ಟು ಎರಡು ಹೋಳು.

"ರೀ, ಮೇಲಿಡಿ, ಮೇಲಿಡಿ ಅಂತ ಮೈಸೂರಿಂದ ಬಡ್ಕೊಂಡೆ" ಎಂದಳು ನನ್ನಾಕೆ. ಅಳಿಯ ಬ್ಯಾಂಡೇಜು ಹುಡುಕಲು ಹೋದ. ಮಗಳು ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಮೇಲೆ, "ಅಪ್ಪಾ, ಇದು ಪುಸ್ತಕದಲ್ಲಿದೆ!" ಎಂದಳು.

ಅವಳು ಕಪಾಟಿನಿಂದ ತೆಗೆದುಕೊಟ್ಟ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಹೆಸರು 'ವೈಟ್ ಟೀತ್'. ಬರೆದವಳು ಜೇಡಿ ಸ್ಮಿತ್. ಅದರಲ್ಲಿ ಐರಿ ಎಂಬ ಹುಡುಗಿ ನಡುರಾತ್ರಿ ಅಮ್ಮನ ಕೋಣೆಗೆ ನುಗ್ಗುತ್ತಾಳೆ, ಮಂಚದ ಪಕ್ಕದ ಲೋಟ ಕಾಲಿಗೆ ತಾಗುತ್ತದೆ, ಅಮ್ಮನ ಕಟ್ಟಿಸಿದ ಹಲ್ಲು ಅವಳ ಪಾದ ಕಚ್ಚುತ್ತದೆ. ಅಮ್ಮನ ಹಲ್ಲು ಹೋದದ್ದು ಹರೆಯದಲ್ಲಿ, ಸ್ಕೂಟರ್ ಅಪಘಾತದಲ್ಲಿ. ಮಗಳಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಸಿಟ್ಟಿನಲ್ಲಿ ಅವಳು ಮನೆ ಬಿಟ್ಟು ಅಜ್ಜಿಯ ಮನೆಗೆ ಹೊರಟುಹೋಗುತ್ತಾಳೆ. ನನ್ನ ಮೊಮ್ಮಗಳು ಮನೆ ಬಿಡಲಿಲ್ಲ. ಅಜ್ಜಿ ಇದೇ ಮನೆಯಲ್ಲಿದ್ದಳು. ಕಥೆ ನಡೆಯುವ ವಿಲ್ಸ್‌ಡನ್ ನನ್ನ ಮಗಳ ಮನೆಯಿಂದ ಒಂದು ಮೈಲಿ. ಗಣಪತಿ ದಂತ ಮುರಿದುಕೊಂಡು ಮಹಾಭಾರತ ಬರೆದ. ನಾನು ದಂತಪಂಕ್ತಿಯನ್ನೇ ಮುರಿದುಕೊಂಡು ಒಂದು ಕಾದಂಬರಿ ಓದಲು ಹೊರಟೆ.

ಓದಲು ಪುರಸೊತ್ತೂ ಧಾರಾಳವಾಗಿ ಸಿಕ್ಕಿತು. ಮೈಸೂರಿನಲ್ಲಾದರೆ ನನ್ನ ದಂತವೈದ್ಯ ಎರಡು ದಿನದಲ್ಲಿ ಹೊಸದು ಮಾಡಿ, ಹಾಕಿ, ಬಾಳೆಹಣ್ಣು ತಿನ್ನಿಸಿ ನೋಡಿ ಕಳಿಸುತ್ತಿದ್ದ. ಇಲ್ಲಿ ಮೂರು ವಾರ ಕಾಯಬೇಕು. ಬೆಲೆ ಕೇಳಿ, ಪೌಂಡನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಉಳಿದ ಕೆಳದವಡೆಯ ಹಲ್ಲುಗಳನ್ನೂ ಕಡಿದುಕೊಂಡೆ. ಮೂರು ವಾರ ರವೆಗಂಜಿ, ಮಜ್ಜಿಗೆಯಲ್ಲಿ ನೆನೆಸಿದ ಅವಲಕ್ಕಿ, ಮತ್ತು ಜೇಡಿ ಸ್ಮಿತ್.

ಹೆಸರಿನ ವಿಚಾರ ಬಂತು, ಹೇಳಿಬಿಡುತ್ತೇನೆ. ಅಪ್ಪ ಅಮ್ಮ ಇಟ್ಟ ಹೆಸರು ಸೇಡಿ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾನೇ ಒಂದಕ್ಷರ ಬದಲಿಸಿಕೊಂಡು ಜೇಡಿ ಆದಳು. ಸಾಗರದ ಕಡೆಯವಳಾದ ನನ್ನಾಕೆಗೆ ಇದು ಬಹಳ ಹಿಡಿಸಿತು. ಅವಳ ತವರಿನಲ್ಲಿ ಗೋಡೆಗೆ ಚಿತ್ತಾರ ಬರೆಯುವ ಬಿಳಿಮಣ್ಣಿಗೆ ಶೇಡಿ ಅನ್ನುತ್ತಾರೆ. "ಶೇಡಿ ಹೋಗಿ ಜೇಡಿ ಆಯ್ತಾ? ಎರಡೂ ಮಣ್ಣೇ ಬಿಡಿ" ಎಂದು ಒಗ್ಗರಣೆ ಹಾಕಲು ಹೋದಳು. ಜೇಡಿಯ ಅಮ್ಮ ಜಮೈಕಾದವಳು, ಅಪ್ಪ ವಯಸ್ಸಾದ ಇಂಗ್ಲಿಷಿನವನು, ಹುಟ್ಟಿದ್ದು 1975ರಲ್ಲಿ ಇಲ್ಲೇ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಹಾಗಾಗಿ ಏಕವಚನದಲ್ಲೇ ಕರೆಯುತ್ತಿದ್ದೇನೆ, ಬೇಸರಿಸಬಾರದು. ಕೇಂಬ್ರಿಜ್‌ನಲ್ಲಿ ಓದುತ್ತಿರುವಾಗಲೇ ಬರೆಯತೊಡಗಿದ ಈ ಕಾದಂಬರಿ 2000ದಲ್ಲಿ ಅಚ್ಚಾದಾಗ ಅವಳಿಗೆ ಇಪ್ಪತ್ನಾಲ್ಕು. ವಿಟ್‌ಬ್ರೆಡ್, ಗಾರ್ಡಿಯನ್ ಅಂತ ಚೊಚ್ಚಲ ಪುಸ್ತಕಕ್ಕೆ ಕೊಡುವ ಬಹುಮಾನಗಳು ಒಂದರ ಹಿಂದೊಂದು ಬಂದವು. ನಾನು ಇಪ್ಪತ್ನಾಲ್ಕರಲ್ಲಿ ಅರಸೀಕೆರೆ ಬ್ಯಾಂಕಿನಲ್ಲಿ ಕ್ಯಾಶಿಯರ್. ಆ ವರ್ಷದ ನನ್ನ ಸಾಧನೆ ಎಂದರೆ ಒಂದು ಶನಿವಾರ ಮೊದಲ ಸಲಕ್ಕೇ ಕ್ಯಾಷ್ ಟ್ಯಾಲಿ ಆದದ್ದು.

ಮಗಳು ಈ ಪುಸ್ತಕವನ್ನು ಒಂದು ಪೌಂಡಿಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದಳು. ಹಳೆ ಪುಸ್ತಕದ ಲಾಭವೇನೆಂದರೆ ಜೊತೆಗೆ ಹಳೆ ಓದುಗರೂ ಬರುತ್ತಾರೆ. ಇದರ ಅಂಚುಗಳಲ್ಲಿ ಕಡೇಪಕ್ಷ ಮೂರು ಜನರ ಕೈಬರಹ ಇತ್ತು. ಒಂದು ದುಂಡಗಿನ ಪೆನ್ಸಿಲ್ಲು: ಉತ್ಸಾಹದ ಪ್ರಾಣಿ, ಪುಟಕ್ಕೆರಡು ಸಲ 'ನಮ್ಮಪ್ಪ ಹೀಗೇ' ಅಂತ ಇಂಗ್ಲಿಷಿನಲ್ಲಿ ಬರೆಯುತ್ತದೆ. ಇನ್ನೊಂದು ನೀಟಾದ, ಮೊಳೆ ಜೋಡಿಸಿದಂಥ ಅಕ್ಷರ. ಬಹುಶಃ ನಿವೃತ್ತ ಮೇಷ್ಟ್ರು. ಅವರಿಗೆ ಯಾವುದೂ ಹಿಡಿಸಿಲ್ಲ. 'ಅತಿಯಾಯಿತು', 'ಕಾಕತಾಳೀಯ', 'ಯಾರು ಹೀಗೆ ಮಾತಾಡುತ್ತಾರೆ?' ಇತ್ಯಾದಿ. ಮೂರನೆಯದು ಹಸಿರು ಇಂಕು. ಮೇಷ್ಟ್ರ ಟಿಪ್ಪಣಿಗಳಿಗೆ ಮಾತ್ರ ಉತ್ತರ ಕೊಡುತ್ತದೆ, ಆ ಉತ್ತರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಲ್ಲು ಕಚ್ಚುವ ಪುಟಕ್ಕೆ ಮೊದಲು ಹಾರಿ ನೋಡಿದೆ. ಮೇಷ್ಟ್ರು ಅಲ್ಲಿಯೂ ಹಾಜರು. 'ಹೀಗೆ ಆಗಲು ಸಾಧ್ಯವೇ ಇಲ್ಲ' ಎಂದು ಬರೆದು ಅಡಿಗೆರೆ ಎಳೆದಿದ್ದರು. ನಾನು ನಾಲಿಗೆಯಿಂದ ಬೋಳು ವಸಡು ಸವರಿಕೊಂಡೆ.

ಕಥೆ ಹೇಳುವುದು ಕಷ್ಟ. ಮದುವೆಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ವಿವರಿಸಿದ ಹಾಗೆ. ಆರ್ಚಿ ಎಂಬ ಪಾಪದ ಇಂಗ್ಲಿಷಿನವನು ಹೊಸ ವರ್ಷದ ಬೆಳಗ್ಗೆ ಕಾರಿನ ಹೊಗೆ ಕುಡಿದು ಸಾಯಲು ಕೂತಿರುತ್ತಾನೆ. ಕಾರು ನಿಂತದ್ದು ಹಲಾಲ್ ಮಾಂಸದಂಗಡಿಯ ಮುಂದೆ. ಸರಕು ಇಳಿಸುವ ಜಾಗದಲ್ಲಿ ಸಾಯಲು ಪರ್ಮಿಷನ್ ಇಲ್ಲವೆಂದು ಅಂಗಡಿಯವನು ಎಬ್ಬಿಸಿ ಕಳಿಸುತ್ತಾನೆ. ಅಲ್ಲಿಂದ ಅವನ ಎರಡನೆಯ ಬದುಕು, ಜಮೈಕಾದ ಹೆಂಡತಿ ಕ್ಲಾರಾ, ಮಗಳು ಐರಿ. ಯುದ್ಧದಲ್ಲಿ ಜೊತೆಗಿದ್ದ ಗೆಳೆಯ ಸಮದ್ ಇಕ್ಬಾಲ್ ಬಾಂಗ್ಲಾದವನು, ಹೋಟೆಲಿನಲ್ಲಿ ಸಪ್ಲೈಯರ್. ಮಂಗಲ್ ಪಾಂಡೆಯ ಮರಿಮಗ ತಾನೆಂದು ಸಿಕ್ಕವರಿಗೆಲ್ಲ ಹೇಳುವ ಚಟ. ಇಬ್ಬರೂ ದಿನಾ ಕೂರುವ ಅಡ್ಡೆಯ ಹೆಸರು ಓಕಾನೆಲ್ಸ್ ಪೂಲ್ ಹೌಸ್. ಹೆಸರು ಐರಿಷ್, ನಡೆಸುವವರು ಅರಬರು, ಪೂಲ್ ಟೇಬಲ್ಲೇ ಇಲ್ಲ. ಇದನ್ನು ಓದಿ ಇಲ್ಲಿನವರು ಎಷ್ಟು ಚೋದ್ಯ ಅಂತ ನಕ್ಕರಂತೆ. ಬೆಂಗಳೂರಿನಲ್ಲಿ 'ಉಡುಪಿ' ಎಂದು ಬೋರ್ಡು ಹಾಕಿ ಗೋಬಿ ಮಂಚೂರಿ ಕೊಡುವ ಹೋಟೆಲಿನಲ್ಲಿ ಉಂಡು ಬೆಳೆದ ನಮಗೆ ಇದರಲ್ಲಿ ಚೋದ್ಯವೇನು?

ಪುಸ್ತಕದ ತುಂಬ ಹಲ್ಲು. ಹಿರಿಯರ ಪೂರ್ವವೃತ್ತಾಂತ ಹೇಳುವ ಅಧ್ಯಾಯಗಳಿಗೆಲ್ಲ ರೂಟ್ ಕೆನಾಲ್ ಎಂದು ಹೆಸರು. ಐರಿಗೆ ದಂತವೈದ್ಯೆಯಾಗುವ ಆಸೆ. ನಾನು ನಗುತ್ತ ಓದಿದೆ. ಮೇಲ್ದವಡೆ ಖಾಲಿಯಿರುವಾಗ ನಕ್ಕರೆ ಏನಾಗುತ್ತದೆ ಎಂಬುದನ್ನು ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಾಳೆ.

ಆದರೆ ಮುನ್ನೂರು ಪುಟ ದಾಟುವಾಗ ಸ್ವಲ್ಪ ಸುಸ್ತಾದದ್ದು ನಿಜ. ಯಾರೂ ಸುಮ್ಮನೆ ಕೂರುವುದಿಲ್ಲ. ಬಾಗಿಲು ತೆರೆದರೆ ಯೆಹೋವನ ಸಾಕ್ಷಿಗಳು, ಕಿಟಕಿ ತೆರೆದರೆ ಪ್ರಾಣಿದಯಾ ಸಂಘದವರು, ನಡುವೆ ವಂಶವಾಹಿ ತಿದ್ದಿದ ಒಂದು ಇಲಿ. ಕೊನೆಗೆ ಹೊಸ ವರ್ಷದ ಹಿಂದಿನ ಸಂಜೆ ಎಲ್ಲರೂ, ಹಳೆ ಯುದ್ಧದ ಒಂದು ಗುಟ್ಟಿನ ಸಮೇತ, ಒಂದೇ ಹಾಲಿನಲ್ಲಿ ಸೇರುತ್ತಾರೆ. ಎಪ್ಪತ್ತರ ದಶಕದ ನಮ್ಮ ಸಿನಿಮಾಗಳಲ್ಲಿ ಕಡೆಯ ರೀಲಿಗೆ ಅಮ್ಮ, ತಂಗಿ, ನಾಯಕಿ, ವಿಲನ್ನು, ಇನ್‌ಸ್ಪೆಕ್ಟರು ಎಲ್ಲ ಖಾಲಿ ಡ್ರಮ್ಮಿನ ಗೋಡೌನಿಗೆ ಬರುತ್ತಿದ್ದರಲ್ಲ, ಥೇಟ್ ಹಾಗೆ. ಇಲ್ಲಿ ತಪ್ಪಿಸಿಕೊಂಡು ಓಡುವುದು ವಿಲನ್ನಲ್ಲ, ಇಲಿ.

ಇದನ್ನೇ ಊಟದ ಹೊತ್ತಿನಲ್ಲಿ ಅಂದೆ. ಅಳಿಯನಿಗೆ ಆನಂದವಾಯಿತು. "ಮಾವ, ನಾನು ಎಂಬತ್ತನೇ ಪುಟದಲ್ಲೇ ಬಿಟ್ಟೆ. ಜೇಮ್ಸ್ ವುಡ್ ಅಂತ ದೊಡ್ಡ ವಿಮರ್ಶಕ ಆಗಲೇ, 2000ದಲ್ಲೇ, ಇದಕ್ಕೆ 'ಹಿಸ್ಟೀರಿಕಲ್ ರಿಯಲಿಸಂ' ಅಂತ ಹೆಸರಿಟ್ಟ" ಎಂದ. ಉನ್ಮಾದದ ವಾಸ್ತವವಾದ ಎನ್ನೋಣವೇ? ಪಾತ್ರಗಳಿಗೆ ಚಟುವಟಿಕೆ ವಿಪರೀತ, ಜೀವ ಕಮ್ಮಿ ಎಂಬುದು ಆ ಮನುಷ್ಯನ ತಕರಾರಿನ ಸಾರ. ಮಗಳು ಸೌಟು ಕೆಳಗಿಟ್ಟಳು. "ಪೂರ್ತಿ ಹೇಳು. ಮುಂದಿನ ವರ್ಷವೇ ಅವಳು ಪತ್ರಿಕೆಯಲ್ಲಿ ಬರೆದು, ನನ್ನ ಪುಸ್ತಕದ ಮಟ್ಟಿಗೆ ಆ ಮಾತು ನೋವಾಗುವಷ್ಟು ನಿಜ ಅಂತ ಒಪ್ಪಿಕೊಂಡಳು. ಯಾವ ಲೇಖಕ ಹಾಗೆ ಒಪ್ಕೋತಾನೆ?" ಒಪ್ಪಿದ್ದಷ್ಟೇ ಅಲ್ಲವಂತೆ. ಪುಸ್ತಕ ಬಂದ ಹೊಸತರಲ್ಲೇ ಹೆಸರು ಹಾಕದೆ ತಾನೇ ಅದಕ್ಕೊಂದು ವಿಮರ್ಶೆ ಬರೆದು, ಕೆಂಗೂದಲಿನ ಹತ್ತು ವರ್ಷದ ತರಲೆ ಮಗುವೊಂದು ಬೂಟು ಕುಟ್ಟಿ ಕುಣಿಯುವುದಕ್ಕೆ ಅದನ್ನು ಹೋಲಿಸಿದ್ದಳಂತೆ. ನಮ್ಮಲ್ಲಿ ಹೆಸರು ಹಾಕದೆ ತಮ್ಮ ಪುಸ್ತಕಕ್ಕೆ ತಾವೇ ವಿಮರ್ಶೆ ಬರೆದುಕೊಂಡವರ ಬಗ್ಗೆ ಕೇಳಿದ್ದೇನೆ. ಬೈದುಕೊಂಡವರನ್ನು ಕೇಳಿದ್ದು ಇದೇ ಮೊದಲು.

ನನ್ನ ಮಗಳಿಗೆ ಈ ಪುಸ್ತಕದ ಮೇಲೆ ಇರುವುದು ಅಭಿಪ್ರಾಯ ಅಲ್ಲ, ನಂಟಸ್ತಿಕೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಮನೆಯಲ್ಲಿ ಒಬ್ಬಳೇ, ನಾಲ್ಕು ಗಂಟೆಗೇ ಕತ್ತಲು. ಆಗ ಓದಿದಳಂತೆ. ಮಾರನೆಯ ದಿನ ಕಿಲ್ಬರ್ನ್ ಹೈ ರೋಡಿನಲ್ಲಿ 98ನೇ ನಂಬರ್ ಬಸ್ಸಿನ ಮಹಡಿಯಲ್ಲಿ ಕೂತು ನೋಡಿದರೆ ಕೆಳಗೆ ಓಡಾಡುವವರೆಲ್ಲ ಪರಿಚಿತರ ಹಾಗೆ ಕಂಡರಂತೆ. ಅಳಿಯ ಇದನ್ನು ಒಪ್ಪುವುದಿಲ್ಲ. "ಎಲ್ಲಾ ಬಣ್ಣದವರೂ ಒಂದೇ ಬೀದೀಲಿ ಜಗಳ ಆಡ್ಕೊಂಡು ಸುಖವಾಗಿದ್ದಾರೆ ಅಂತ ತೋರಿಸೋದು ಸುಲಭ. ನಮ್ಮ ಆಫೀಸಿಗೆ ಬಂದು ನೋಡ್ಲಿ" ಅನ್ನುತ್ತಾನೆ. 2001ರ ಸೆಪ್ಟೆಂಬರಿನ ನಂತರ ಇಲ್ಲಿ ಬಹಳ ಜನ ಇದೇ ಮಾತಾಡಿದರಂತೆ: ಹುಡುಗಿ ತೀರ ಆಶಾವಾದಿ. 2016ರಲ್ಲಿ ಬರ್ಲಿನ್ನಿನಲ್ಲಿ ಒಂದು ಪ್ರಶಸ್ತಿ ತೆಗೆದುಕೊಳ್ಳುವಾಗ ಅವಳು ಇದಕ್ಕೆ ಉತ್ತರ ಹೇಳಿದ್ದಾಳೆ. ತಾನು ಬರೆದದ್ದು ತನ್ನ ಬಾಲ್ಯ. ಅದೊಂದು ಪ್ರಯೋಗ, ಅದು ಪಾಸಾಗಬೇಕು ಅಥವಾ ಫೇಲಾಗಬೇಕು ಅಂತ ಚಿಕ್ಕವಳಿದ್ದಾಗ ತನಗೆ ಗೊತ್ತೇ ಇರಲಿಲ್ಲ ಎಂಬ ಅರ್ಥದಲ್ಲಿ. ನನಗೆ ಈ ಉತ್ತರ ಬಹಳ ಇಷ್ಟವಾಯಿತು. ವಠಾರದಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಅದು ಸಹಬಾಳ್ವೆಯ ಪ್ರಯೋಗ ಎಂದು ಅಂದುಕೊಂಡಿದ್ದರೇ? ನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಷ್ಟೇ ಯೋಚನೆ.

ಈಗ ನನ್ನ ಗುಟ್ಟು. ಈ ಕಾದಂಬರಿಯಲ್ಲಿ ನನ್ನ ಬಾಯಿ ಮುಚ್ಚಿಸಿದವನು ಸಮದ್. ಬಾಯಿ ಹೇಗೂ ಮುಚ್ಚಿತ್ತೆನ್ನಿ. ಅವನಿಗೆ ಅವಳಿ ಗಂಡುಮಕ್ಕಳು, ಮಾಜಿದ್ ಮತ್ತು ಮಿಲ್ಲತ್. ಮಕ್ಕಳು ಇಂಗ್ಲಿಷರಾಗಿಬಿಡುತ್ತಾರೆ ಎಂಬ ಭಯದಲ್ಲಿ ಹೆಂಡತಿಗೂ ಹೇಳದೆ ಒಬ್ಬನನ್ನು ಬಾಂಗ್ಲಾಕ್ಕೆ ಕಳಿಸುತ್ತಾನೆ. ಇಬ್ಬರನ್ನು ಕಳಿಸಲು ದುಡ್ಡಿಲ್ಲ. ವರ್ಷಗಳ ನಂತರ ಬಾಂಗ್ಲಾಕ್ಕೆ ಹೋದವನು ಇಂಗ್ಲಿಷರಿಗಿಂತ ಹೆಚ್ಚು ಇಂಗ್ಲಿಷಿನವನಾಗಿ ವಾಪಸು ಬರುತ್ತಾನೆ; ಇಲ್ಲೇ ಉಳಿದವನು ಉಗ್ರ ಧಾರ್ಮಿಕರ ಗುಂಪಿಗೆ ಸೇರುತ್ತಾನೆ. ಈ ಭಾಗ ಓದುವ ಹಿಂದಿನ ದಿನವಷ್ಟೇ ನಾನು ಮಗಳ ಹತ್ತಿರ, "ಮಗೂನ ಒಂದು ವರ್ಷ ಮೈಸೂರಿಗೆ ಕಳಿಸು. ಕನ್ನಡ ಬರುತ್ತೆ, ಸಂಸ್ಕಾರ ಬರುತ್ತೆ" ಎಂದು ಭಾಷಣ ಬಿಗಿದಿದ್ದೆ. ಮಗಳು ಏನೂ ಅನ್ನದೆ ಆ ಅಧ್ಯಾಯಕ್ಕೆ ಬಸ್ ಟಿಕೆಟ್ಟು ಗುರುತಿಟ್ಟು ಹೋಗಿದ್ದಳು. ಅಂಚಿನಲ್ಲಿ ಆ ದುಂಡಗಿನ ಪೆನ್ಸಿಲ್ಲು ಮತ್ತೆ: 'ನಮ್ಮಪ್ಪ ಹೀಗೇ'. ಅದನ್ನು ಬರೆದವಳು ನನ್ನ ಮಗಳೇ ಇರಬಹುದೇ ಎಂಬ ಅನುಮಾನ ಅವತ್ತು ಮೊದಲ ಸಲ ಬಂತು. ಕೇಳಲಿಲ್ಲ. ಕಾಗುಣಿತದ ಪುಸ್ತಕ ತಂದಿದ್ದೆ, ಅದನ್ನು ಸೂಟ್‌ಕೇಸಿನಿಂದ ತೆಗೆಯುವುದನ್ನೂ ಎರಡು ದಿನ ಮುಂದೂಡಿದೆ.

ರಾತ್ರಿ ದೀಪ ಹಾಕಿದ ಪಕ್ಕದ ಮನೆಯವರು ಬಾಂಗ್ಲಾದ ಸಿಲ್ಹೆಟ್ ಕಡೆಯವರು, ರಿಟೈರಾದ ಬಸ್ ಡ್ರೈವರ್. ಬೇಲಿಯ ಈಚೆ ನಾನು, ಆಚೆ ಅವರು, ನಡುವೆ ಇಬ್ಬರದೂ ಮುರುಕು ಹಿಂದಿ. ಪುಸ್ತಕ ತೋರಿಸಿ ಕೇಳಿದೆ. ಓದಿಲ್ಲವಂತೆ, ಆದರೆ ಅಭಿಪ್ರಾಯ ಇದೆ. ಟಿ.ವಿ.ಯಲ್ಲಿ ಬಂದಿತ್ತಲ್ಲ, 2002ರಲ್ಲಿ, ಸಮದ್ ಆಗಿದ್ದವನು ಓಂ ಪುರಿ. "ಪಂಜಾಬಿ! ಅವನಿಗೆ ಮೀನಿನ ಮುಳ್ಳು ಬಿಡಿಸೋಕೆ ಬರುತ್ತಾ?" ಎಂದರು. ಆ ಓಂ ಪುರಿ ನಮ್ಮ ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಹಿಂದಿಯಲ್ಲಿ 'ಗೋಧೂಳಿ' ಆದಾಗ ಅದರಲ್ಲೂ ಇದ್ದವನು, ನಮಗೂ ಬೇಕಾದವನು ಎಂದು ಸಮರ್ಥಿಸಲು ಹೋದೆ. ಹಲ್ಲಿಲ್ಲದ ಬಾಯಲ್ಲಿ ಭೈರಪ್ಪ ಎಂಬುದು ಏನಾಗಿ ಹೊರಟಿತೋ, ಅವರು ವಿನಯದಿಂದ ತಲೆಯಾಡಿಸಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗಿ ನಮ್ಮನ್ನು ಹೊರಗಿಂದ ನೋಡಿದ್ದಾಳೆ, ಮೆಟ್ಟಿಲ ಮೇಲೆ ನಿಂತು ಕೇಳಿಸ್ಕೊಂಡು ಬರೆದ ಹಾಗೆ. ಆದರೆ ಕೇಳಿಸ್ಕೊಂಡಿದ್ದು ತಪ್ಪಿಲ್ಲ" ಎಂದರು. ಆ ವಾರ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕೇ ಹೆಚ್ಚು ಅಂಕ.

ಎರಡನೆಯ ವಾರ ಮಗಳ ಗೆಳತಿಯರ ಓದುವ ಕೂಟ ನಮ್ಮ ಮನೆಯಲ್ಲಿ. ಐದು ಜನ, ಆರು ಅಭಿಪ್ರಾಯ. ಒಬ್ಬಳಿಗೆ 'ಆನ್ ಬ್ಯೂಟಿ'ಯೇ ಶ್ರೇಷ್ಠ. ಅದು 2005ರಲ್ಲಿ ಬುಕರ್ ಪಟ್ಟಿಯಲ್ಲಿದ್ದು, ಮರುವರ್ಷ ಆರೆಂಜ್ ಪ್ರಶಸ್ತಿ ಪಡೆದದ್ದು. ಇನ್ನೊಬ್ಬಳು, "ಅದು ಹಿಂದಿನ ಕಾದಂಬರಿಕಾರ ಫಾರ್ಸ್ಟರನ ಹಳೇ ಸೀರೆಗೆ ಹೊಸ ಅಂಚು" ಎಂಬರ್ಥದ ಮಾತಾಡಿದಳು. ಮೂರನೆಯವಳು 2017ರಲ್ಲಿ ಎಡಿನ್‌ಬರೋದಲ್ಲಿ ಜೇಡಿ ಆಡಿದ ಒಂದು ಮಾತಿಗೆ ಇನ್ನೂ ಮುನಿಸಿಕೊಂಡಿದ್ದಾಳೆ. ತನ್ನ ಮಗಳು ಕನ್ನಡಿ ಮುಂದೆ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ ಅಂತ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೇನೆ ಅಂದಿದ್ದಳಂತೆ. ಅಷ್ಟಕ್ಕೇ ಊರೆಲ್ಲ ಗದ್ದಲ: ಸುಂದರಿಯಾದ ನಿನಗೆ ಹೇಳುವುದು ಸುಲಭ, ಎಂದು. ಚಕ್ಕುಲಿ ಹಂಚುತ್ತಿದ್ದ ನನ್ನಾಕೆ ಮಗಳಿಂದ ಅನುವಾದ ಮಾಡಿಸಿಕೊಂಡು, "ಹದಿನೈದು ನಿಮಿಷದಲ್ಲಿ ಸೀರೆ ನೆರಿಗೆ ಕೂಡ ಕೂರಲ್ಲ" ಎಂದು ತೀರ್ಪು ಕೊಟ್ಟಳು. ಆಮೇಲೆ 2024ರಲ್ಲಿ ಅಮೆರಿಕದ ಕಾಲೇಜುಗಳ ಗಾಜಾ ಪ್ರತಿಭಟನೆಗಳ ಬಗ್ಗೆ ಜೇಡಿ ಬರೆದ ಪ್ರಬಂಧದ ಮಾತು ಬಂತು. ಒಬ್ಬಳು ಅದನ್ನು ಧೈರ್ಯ ಎಂದಳು, ಇನ್ನೊಬ್ಬಳು ಜಾರಿಕೊಳ್ಳುವಿಕೆ ಎಂದಳು. ಚಕ್ಕುಲಿ ಮುರಿಯುವ ಸದ್ದು ಮಾತ್ರ ಕೇಳಿಸುವ ಹಾಗೆ ಮೌನ. ಆ ಮೌನ ಮುರಿಯಲೆಂದೇ ಇರಬೇಕು, ಮಗಳು ನನ್ನ ಕಡೆ ತಿರುಗಿ, "ನಮ್ಮಪ್ಪನೂ ಓದ್ತಿದ್ದಾರೆ" ಎಂದುಬಿಟ್ಟಳು.

ಇಂಗ್ಲಿಷಿನಲ್ಲಿ ಮಾತಾಡಬೇಕು, ಮೇಲಿನ ಹಲ್ಲಿಲ್ಲ. 'ಸ್ಮಿತ್' ಎನ್ನಲು ಹೋದರೆ 'ಶ್ಮಿಫ್' ಎಂದು ಗಾಳಿ ಹೊರಟಿತು. ಮೊದಲ ಸಾಲಿನಲ್ಲಿದ್ದವಳು ಕನ್ನಡಕ ಒರೆಸಿಕೊಂಡಳು. ನಾಲ್ಕು ವಾಕ್ಯದಲ್ಲಿ ಏನೋ ಹೇಳಿ ಕೂತೆ. ಎಲ್ಲರೂ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಅರ್ಥವಾಗದ ಭಾಷಣಕ್ಕೆ ಚಪ್ಪಾಳೆ ತಟ್ಟುವುದರಲ್ಲಿ ಪೂರ್ವ ಪಶ್ಚಿಮ ಭೇದವಿಲ್ಲ.

ಆ ರಾತ್ರಿ ಸಮಾಧಾನಕ್ಕೆಂದು ಅಳಿಯ ಜೇಡಿಯ ಒಂದು ಪ್ರಬಂಧ ಕೊಟ್ಟ. ಅವನದು ಪ್ರಬಂಧದ ಪಕ್ಷ. ಕಾದಂಬರಿಯಲ್ಲಿ ಕುಣಿಯುತ್ತಾಳೆ, ಪ್ರಬಂಧದಲ್ಲಿ ಕೂತು ಮಾತಾಡುತ್ತಾಳೆ ಎಂಬುದು ಅವನ ಸಿದ್ಧಾಂತ. ಲಾಕ್‌ಡೌನಿನಲ್ಲಿ ಬರೆದ 'ಇಂಟಿಮೇಷನ್ಸ್' ಎಂಬ ಆರು ಪ್ರಬಂಧಗಳ ತೆಳು ಪುಸ್ತಕ ಸದಾ ಅವನ ಲ್ಯಾಪ್‌ಟಾಪ್ ಚೀಲದಲ್ಲಿರುತ್ತದೆ. ಆ ರಾತ್ರಿ ಕೊಟ್ಟದ್ದು ಒಬಾಮ ಗೆದ್ದ ಹೊಸತರಲ್ಲಿ, 2008ರಲ್ಲಿ, ನ್ಯೂಯಾರ್ಕಿನಲ್ಲಿ ಮಾಡಿದ ಒಂದು ಭಾಷಣ. ಕೇಂಬ್ರಿಜ್‌ಗೆ ಹೋಗಿ ಅಲ್ಲಿನ ಸೊಗಸಾದ ಮಾತು ಕಲಿತಳಂತೆ, ಎರಡು ಮಾತೂ ತನ್ನದಾಗಿ ಉಳಿಯುತ್ತವೆ ಅಂದುಕೊಂಡಿದ್ದಳಂತೆ. ಆದರೆ ಕ್ರಮೇಣ ವಿಲ್ಸ್‌ಡನ್ನಿನ ಮಾತು ಕೈಬಿಟ್ಟುಹೋಯಿತಂತೆ. ಇದನ್ನು ಓದಿ ನಾನು ಎದ್ದು ಕೂತೆ. ಅರಸೀಕೆರೆ ಹಳ್ಳಿಯ 'ಬತ್ತೀನಿ ಕಣಣ್ಣೋ' ಎಂಬ ನನ್ನ ಮಾತು ಬ್ಯಾಂಕಿನ ಕೌಂಟರಿನಲ್ಲಿ 'ಬರ್ತೀನಿ ಸಾರ್' ಆಯಿತು. ಹುಬ್ಬಳ್ಳಿಗೆ ವರ್ಗವಾಗಿ ಆರು ವರ್ಷ 'ಹೌದ್ರೀ' ಅಂದೆ. ಈಗ ಊರಿಗೆ ಹೋದರೆ, "ಏನಯ್ಯ, ರೇಡಿಯೋ ಥರಾ ಮಾತಾಡ್ತೀಯ" ಅನ್ನುತ್ತಾರೆ. ಕೈಲಾಸಂ ಈ ಲಂಡನ್ನಿನಲ್ಲೇ ಭೂವಿಜ್ಞಾನ ಓದಿ ಬಂದು, ಕನ್ನಡ ಇಂಗ್ಲಿಷು ಕಲಸಿ ಮೊಸರನ್ನ ಮಾಡಿ ನಾಟಕ ಬರೆದಾಗ ಮಡಿವಂತರು ಮೂಗು ಮುರಿದರು. ಆದರೆ ನಮ್ಮ ಮನೆಯಲ್ಲಿ ನಾನೂ ಮಗಳೂ ಕರೆಂಟು ಹೋದ ರಾತ್ರಿಗಳಲ್ಲಿ ಅವರ ಪಾತ್ರಗಳ ಧಾಟಿಯಲ್ಲೇ ಮಾತಾಡಿ ನಕ್ಕಿದ್ದೇವೆ. ಜೇಡಿಯದೂ ಇಂಥದೊಂದು ಪ್ರಬಂಧವಿದೆ. ವೃದ್ಧಾಶ್ರಮದಲ್ಲಿ ಅಪ್ಪ, ನೋಡಲು ಹೋದ ಮಗಳು, ಮಾತಿಗೆ ಬೇರೇನೂ ಇಲ್ಲದಾಗ ಇಬ್ಬರನ್ನೂ ಕಾಯುವ ಹಳೆಯ ಹಾಸ್ಯ ಕಾರ್ಯಕ್ರಮಗಳು. ಅವಳು ಬರೆದುದರಲ್ಲಿ ನಾನು ಓದಿದಷ್ಟರ ಪೈಕಿ ಇದಕ್ಕೆ ಮೇಲಿನ ಸ್ಥಾನ. ಇದನ್ನು ಓದಿದ ಮೇಲೆ ಅಳಿಯನ ಪಕ್ಷಕ್ಕೆ ಅರ್ಧ ವಾಲಿದೆ. ಪೂರ್ತಿ ವಾಲಲು ಮಗಳ ಭಯ.

ಮಾರನೆಯ ದಿನ ಮಗಳು ಗ್ರಂಥಾಲಯದಿಂದ ಇನ್ನೆರಡು ಪು‍ಸ್ತಕ ತಂದಳು. ಇಲ್ಲಿನ ಗ್ರಂಥಾಲಯಗಳ ಮೇಲೆ ಜೇಡಿಗೆ ಪ್ರಾಣ. ವಿಲ್ಸ್‌ಡನ್ನಿನ ಗ್ರಂಥಾಲಯದ ಕಟ್ಟಡ ಕೆಡವಲು ಹೊರಟಾಗ 2012ರಲ್ಲಿ ಅದಕ್ಕಾಗಿ ಪ್ರಬಂಧ ಬರೆದಳು. 1900ರಲ್ಲಿ ಮಾರ್ಕ್ ಟ್ವೇನ್ ಬಂದು ಉದ್ಘಾಟಿಸಿದ ಕೆನ್ಸಲ್ ರೈಸ್ ಗ್ರಂಥಾಲಯ ಮುಚ್ಚುವಾಗಲೂ ಬೀದಿಯವರ ಜೊತೆ ದನಿ ಸೇರಿಸಿದಳು. ನಾವು ಮನೆಕಂದಾಯದ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕೊಡುತ್ತೇವೆ, ಗ್ರಂಥಾಲಯ ಮುಚ್ಚಿದರೆ ಮಾತ್ರ ನಮಗೆ ಗೊತ್ತಾಗುವುದು ತಡ. ಇರಲಿ, ಹಲ್ಲಿಲ್ಲದವನು ಅಷ್ಟು ಕಚ್ಚಬಾರದು.

ತಂದದ್ದರಲ್ಲಿ ಒಂದು 'ಎನ್‌ಡಬ್ಲ್ಯು'. ಆ ಪುಸ್ತಕದಲ್ಲಿ ನಾನು ಸೋತೆ. ಒಂದು ಕಡೆ ಅಕ್ಷರಗಳನ್ನೇ ಸೇಬಿನ ಮರದ ಆಕಾರದಲ್ಲಿ ಜೋಡಿಸಿದ್ದಾಳೆ. ಅಧ್ಯಾಯಗಳಿಗೆ ಅಂಕಿ ಹಾಕಿ, ನಡುನಡುವೆ ಕಾರಣವಿಲ್ಲದೆ 37 ಎಂದು ಬರುತ್ತದೆ. ಬೈಂಡಿಂಗ್ ತಪ್ಪಿರಬೇಕೆಂದು ನಾನು ಪುಟಗಳನ್ನು ಎರಡೆರಡು ಸಲ ಎಣಿಸಿದೆ. ಬ್ಯಾಂಕಿನವನಿಗೆ ಸೀರಿಯಲ್ ನಂಬರ್ ತಪ್ಪಿದರೆ ನಿದ್ದೆ ಬರುವುದಿಲ್ಲ. ತಪ್ಪಲ್ಲವಂತೆ, ಬೇಕಂತಲೇ ಹಾಗೆ ಮಾಡಿದ್ದಂತೆ. ಕೂಟದ ಇಬ್ಬರಿಗೆ ಇದೇ ಅವಳ ಅತ್ಯುತ್ತಮ ಕೃತಿ. ಇರಬಹುದು.

ಇನ್ನೊಂದು 'ದಿ ಎಂಬಸಿ ಆಫ್ ಕಂಬೋಡಿಯಾ'. ಅಂಗೈಯಗಲದ ಪುಸ್ತಕ, ಒಂದೇ ಕಥೆ. ತೆಳ್ಳಗಿದೆಯೆಂದು ನನ್ನಾಕೆ ಎತ್ತಿಕೊಂಡಳು. ಅವಳ ಇಂಗ್ಲಿಷು ನಿಧಾನ, ಆದರೆ ಬಿಡುವವಳಲ್ಲ. ಫಾಟೂ ಎಂಬ ಆಫ್ರಿಕಾದ ಹುಡುಗಿ ವಿಲ್ಸ್‌ಡನ್ನಿನಲ್ಲಿ ಏಷ್ಯಾ ಮೂಲದ ಒಂದು ಕುಟುಂಬದ ಮನೆಗೆಲಸಕ್ಕಿದ್ದಾಳೆ. ಪಾಸ್‌ಪೋರ್ಟು ಒಡೆಯರ ಹತ್ತಿರ. ಗೋಡೆಯಾಚೆ ಯಾರೋ ಶಟಲ್ ಆಡುತ್ತಾರೆ; ಕಾಕ್ ಮೇಲೆ ಹೋಗುವುದು ಕಾಣುತ್ತದೆ, ಆಡುವವರು ಕಾಣುವುದಿಲ್ಲ. ಅಧ್ಯಾಯಗಳಿಗೂ ಆಟದ ಸ್ಕೋರಿನದೇ ಅಂಕಿ, ಒಂದು ಕಡೆ ಸೊನ್ನೆಯೇ, ಇನ್ನೊಂದು ಕಡೆ ಏರಿ ಏರಿ ಇಪ್ಪತ್ತೊಂದು. ಆ ಮನೆಯ ಮಗುವಿನ ಗಂಟಲಿಗೆ ಗೋಲಿ ಸಿಕ್ಕಿದಾಗ ಫಾಟೂ ಬದುಕಿಸುತ್ತಾಳೆ. ಆಮೇಲೆ ಅವಳನ್ನೇ ಕೆಲಸದಿಂದ ಬಿಡಿಸುತ್ತಾರೆ.

ನನ್ನಾಕೆ ಮೂರು ಮಧ್ಯಾಹ್ನ ಓದಿದಳು. ಮುಗಿಸಿದ ದಿನ ಏನೂ ಹೇಳಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, "ನಮ್ಮನೇಲಿ ಕೆಲಸದವಳ ಕಾಫಿ ಲೋಟ ಇನ್ನೂ ಕಿಟಕಿ ಹತ್ರನೇ ಇಡ್ತೀವಲ್ಲ" ಎಂದಳು. ಹೌದು ಎಂದೆ. "ಅದು ಯಾರು ಶುರು ಮಾಡಿದ್ದು? ನಿಮ್ಮಮ್ಮನಾ, ನಾನಾ?" ನನಗೆ ನೆನಪಿರಲಿಲ್ಲ. ಈ ಬಾರಿ ಹಲ್ಲಿನ ನೆಪವೂ ಇಲ್ಲದೆ ಸುಮ್ಮನಾದೆ. ಜೇಡಿ ಸ್ಮಿತ್ ಬಗ್ಗೆ ಅವಳ ಅಭಿಪ್ರಾಯ ಏನೆಂದು ಆಮೇಲೆ ಯಾರು ಕೇಳಿದರೂ, "ಸಣ್ಣ ಪುಸ್ತಕ ಬರೀಬೇಕು ಅವಳು" ಎಂದಷ್ಟೇ ಹೇಳುತ್ತಾಳೆ.

ಮೂರನೆಯ ವಾರ ಹಲ್ಲು ಬಂತು. ಅಳತೆ ತೆಗೆದ ದಿನವೇ ದಂತವೈದ್ಯೆ ಒಂದು ಪಟ್ಟಿ ಮುಂದಿಟ್ಟು ಯಾವ ಬಿಳಿ ಬೇಕು ಎಂದು ಕೇಳಿದ್ದಳು. ಸುಣ್ಣದ ಬಿಳಿ, ಹಾಲಿನ ಬಿಳಿ, ಬೆಣ್ಣೆಯ ಬಿಳಿ, ಹೊಗೆ ಹಿಡಿದ ಬಿಳಿ. ಸೀರೆ ಅಂಗಡಿಯಲ್ಲೂ ಅಷ್ಟು ಬಿಳಿ ನೋಡಿರಲಿಲ್ಲ. ನನ್ನ ಕೈಲಿದ್ದ ಪುಸ್ತಕ ಕಂಡು ಅವಳು ನಿಟ್ಟುಸಿರಿಟ್ಟಳು. ದಂತವೈದ್ಯರ ಹತ್ತಿರ ಇದನ್ನು ಹಿಡಿದು ಬರುವುದು ತಮಾಷೆ ಎಂದುಕೊಂಡ ಮೊದಲ ಮನುಷ್ಯ ನಾನಲ್ಲ ಅಂತ ಕಾಣುತ್ತದೆ. ಓದಿದ್ದೀಯಾ ಎಂದೆ. "ಸ್ಕೂಲಲ್ಲಿ ಪಾಠ ಇತ್ತು. ಪರೀಕ್ಷೆಗೆ ಬರೆದೆ. ಅದಕ್ಕೇ ಇಷ್ಟವಾಗಲಿಲ್ಲ" ಎಂದು ಬಾಯಿ ಅಗಲಿಸಲು ಹೇಳಿದಳು. ಬಣ್ಣ ಆರಿಸಿದ್ದು ಮೊಮ್ಮಗಳು. ಪರಿಣಾಮ, ನಾನೀಗ ನಕ್ಕರೆ ಚೋಕ್‌ಪೀಸಿನ ಡಬ್ಬಿ ತೆರೆದ ಹಾಗಿರುತ್ತದೆ.

ಹೊರಡುವ ಹಿಂದಿನ ದಿನ ಮಗಳು ಹಳೆ ಬಟ್ಟೆ, ಹಳೆ ಪುಸ್ತಕಗಳನ್ನು ಅದೇ ಅಂಗಡಿಗೆ ವಾಪಸು ಕೊಡಲು ಕಟ್ಟುತ್ತಿದ್ದಳು. 'ವೈಟ್ ಟೀತ್' ಕಟ್ಟಿನ ಮೇಲೇ ಇತ್ತು. ಅವಳು ಹೊಸ ಪ್ರತಿ ಕೊಂಡಿದ್ದಾಳೆ. ಅವಲಕ್ಕಿಯ ಮಜ್ಜಿಗೆ ಸಮದನ ಮೇಲೆ ನಾಲ್ಕು ಕಡೆ ಚೆಲ್ಲಿತ್ತು ನೋಡಿ. ಅವಳು ಟೇಪು ತರಲು ಒಳಗೆ ಹೋದಾಗ ನಾನು ಆ ಪುಟ ತೆಗೆದೆ. ಮೇಷ್ಟ್ರ ಅಡಿಗೆರೆಯ ಕೆಳಗೆ ಬೆರಳಗಲ ಜಾಗ ಉಳಿದಿತ್ತು. ಮೊಮ್ಮಗಳ ಪೆನ್ಸಿಲಿನಿಂದ, ಕನ್ನಡದಲ್ಲಿ ಬರೆದೆ: 'ಆಗುತ್ತೆ ಸ್ವಾಮಿ. ಆಗಿದೆ. ರಾತ್ರಿ 2.30.'